ರಾತ್ರಿ ನೋಡಬೇಕು ಮನೆ

ಹಗಲಿಗೆ ಎಲ್ಲ ಓಣಿಯೂ ಒಳ್ಳೆಯವೇ.
ಅದಕ್ಕೇ ಬ್ರೋಕರಿಗೆ ಹೇಳಿದೆ:
ಬಾಂದೇಕರ್ ಅವರೆ, ಒಂಬತ್ತರ ಮೇಲೆ ತೋರಿಸಿ.
ಹೆಲ್ಮೆಟ್ ತೆಗೆದು ತಲೆ ಕೆರೆದುಕೊಂಡರು,
‘ಮೇಡಂ, ರಾತ್ರಿ ಏನು ಕಾಣ್ತದೆ?’

ಕಾಣುವುದೇ ಆಗ.
ಹದಿಮೂರರ ಮಗಳು ನನಗೆ,
ಟ್ಯೂಷನ್ ಮುಗಿಸಿ ಎಂಟೂವರೆಗೆ ಬರುವವಳು.
ಗದಗಿನಲ್ಲಿ ಅವಳ ದಾರಿಯ ಕಂಬಗಳೆಲ್ಲ ಬಾಯಿಪಾಠ:
ಮೂರನೆಯದು ಉರಿಯುವುದಿಲ್ಲ, ಅದರೆದುರೇ
ರಾಚಪ್ಪನ ಇಸ್ತ್ರಿ ಗೂಡು, ಹತ್ತರವರೆಗೆ ಇರುತ್ತಾನೆ.
ಇಲ್ಲಿ ಯಾವ ಕಂಬದ ಎದುರು ಯಾರು?
ವರ್ಗದ ಆದೇಶದಲ್ಲಿ ಅದಿರಲಿಲ್ಲ.
ಕಾರವಾರದ ಅಂಚೆ ಕಚೇರಿ,
ಏಳು ದಿನದೊಳಗೆ ಹಾಜರಾಗತಕ್ಕದ್ದು.

ಮೊದಲು ನೋಡಿದ ಮನೆಗೆ ಟೈಲ್ಸ್ ಚೆಂದ, ಗೇಟಿಗೆ ಕ್ಯಾಮೆರಾ.
ಯಜಮಾನರು ಚಹಾ ಕೊಟ್ಟು ಕೇಳಿದರು,
ನಿಮ್ಮ ಅಡ್ಡಹೆಸರು?
ಹೇಳಿದೆ.
ಇನ್ನೊಮ್ಮೆ ಕೇಳಿದರು.
ಅಲ್ಲ, ಮನೆಯವರದ್ದು?
ಹೇಳುವಷ್ಟರಲ್ಲಿ ಚಹಾಕ್ಕೆ ಕೆನೆ ಕಟ್ಟಿತ್ತು.
ಅವರ ಓಣಿಯನ್ನು ಪರೀಕ್ಷಿಸಲು ಹೋದವಳು ನಾನು;
ಗೇಟಿನ ಸಣ್ಣ ಕೆಂಪು ಕಣ್ಣು
ಹೊರಗೆ ಬರುವವರೆಗೂ ನನ್ನ ಬೆನ್ನಿಗಿತ್ತು.

ನದಿಯ ಕಡೆಯದಕ್ಕೆ ಬಾಡಿಗೆ ಕಡಿಮೆ.
ಗೋಡೆಗೆ ಹೊಸ ಬಣ್ಣ, ಸೊಂಟದ ಮಟ್ಟಕ್ಕೆ ಮಾತ್ರ.
ಯಾಕೆ ಎಂದರೆ ಬಾಂದೇಕರ್ ಫೋನ್ ನೋಡಿಕೊಂಡರು.
ಪಕ್ಕದ ಮನೆಯ ಹುಡುಗ ಹೇಳಿದ,
ಅಣೆಕಟ್ಟಿನ ಗೇಟು ತೆಗೆದ ವರ್ಷ ಕಾಳಿ ಒಳಗೆ ಬಂದು
ಮೂರು ದಿನ ಇದ್ದು ಹೋದಳು.
ಗಂಡಸರಿಗಷ್ಟೇ ಹೆದರಿಕೊಂಡು ಬಂದಿದ್ದೆ.
ನೀರನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಕೊನೆಗೆ ಕೇಳಿದ್ದು ಪೋಸ್ಟ್‌ಮನ್ ವಿಠೋಬಾನನ್ನು.
ಮೂವತ್ತೊಂದು ವರ್ಷದ ಬೀಟು, ಅವನದು ಬೇರೆಯೇ ನಕಾಶೆ:
ಯಾವ ಬಾಗಿಲು ಎರಡನೇ ಕೂಗಿಗೆ ತೆರೆಯುತ್ತದೆ,
ಯಾವ ಹೆಂಗಸು ಕಿಟಕಿಯಿಂದ ಮಾತ್ರ ಕೈ ಚಾಚುತ್ತಾಳೆ,
ಎಲ್ಲಿ ಒಬ್ಬರ ರಿಜಿಸ್ಟರ್ ಪತ್ರಕ್ಕೆ ಪಕ್ಕದವರು ಸಹಿ ಹಾಕುತ್ತಾರೆ
(ತಪ್ಪು ಅಕ್ಕೋರೆ, ಯಾರಿಗೂ ಹೇಳಬೇಡಿ).
ಕೋಡಿಬಾಗದಲ್ಲಿ ಬಲೆ ಒಣಗಿಸುವ ಗಲ್ಲಿ ನೋಡಿ, ಎಂದ.
ವಾಸನೆ ಉಂಟು, ಮೊದಲೇ ಹೇಳ್ತೆ.

ಆ ರಾತ್ರಿ ಒಬ್ಬಳೇ ಹೋದೆ.
ಒಂಬತ್ತೂ ನಲವತ್ತು. ಇದ್ದದ್ದೊಂದು ದೀಪ, ಅದೂ ಮಿಣುಕು.
ಹಗ್ಗದ ಮೇಲೆ ಲಂಗ, ನೈಟಿ, ಶಾಲೆಯ ಸಮವಸ್ತ್ರ,
ಯಾರೂ ಒಳಗೆ ಒಯ್ದಿರಲಿಲ್ಲ.
ಬೀಗವಿಲ್ಲದ ಸೈಕಲ್ಲು, ಬುಟ್ಟಿಯಲ್ಲಿ
ಮರೆತ ಕಂಪಾಸು ಪೆಟ್ಟಿಗೆ.
ಇದನ್ನೆಲ್ಲ ಎಣಿಸುತ್ತ ನಿಂತಾಗ
ಕತ್ತಲಿನಿಂದ ದನಿ ಬಂತು:
‘ಕೋಣ ಗೋ?’

ಎದೆ ಧಸಕ್ಕೆಂದಿತು.
ಜಗಲಿಯಲ್ಲೊಬ್ಬ ಮುದುಕಿ, ತೊಡೆಯ ಮೇಲೆ ಹರಿದ ಬಲೆ,
ಬೆರಳಿಗೆ ಕಣ್ಣು ಬೇಕಿರಲಿಲ್ಲ, ಹೊಲಿಯುತ್ತಲೇ ಇದ್ದವು.
ಯಾರು, ಯಾರ ಮನೆಗೆ, ಊಟ ಆಯ್ತೋ.
ಮೂರಕ್ಕೂ ಉತ್ತರ ಕೊಟ್ಟೆ.
ಅಡ್ಡಹೆಸರು ಕೇಳಲಿಲ್ಲ.

ಶೇವಂತಿಬಾಯಿಯ ಊರು ಈಗ ನೌಕಾನೆಲೆಯ ಗೋಡೆಯಾಚೆ.
ಅವಳೇ ಹೇಳಿದ್ದು, ಮನೆಗೆ ಹಾಲು ಉಕ್ಕಿಸಿದ ದಿನ:
ನಾವೂ ಇಲ್ಲಿಯವರಲ್ಲ ಬಾಯಿ.
ಬಂದ ಮೊದಲ ವರ್ಷ ಹೆದರಿಕೆಗೆ ನಿದ್ದೆಯೇ ಇಲ್ಲ,
ಅದಕ್ಕೇ ಹೊರಗೆ ಕೂತೆ.
ಕೂತದ್ದೇ ರೂಢಿಯಾಯ್ತು.

ಈ ಓಣಿಯನ್ನು ಕಾಯುತ್ತಿರುವುದು
ಒಬ್ಬಳ ಹಳೆಯ ಹೆದರಿಕೆ.

ನಿನ್ನೆ ಕರೆಂಟಿರಲಿಲ್ಲ.
ಅವಳು ಮಗಳ ಮನೆಗೆ ಅಂಕೋಲಕ್ಕೆ ಹೋಗಿದ್ದಳು, ಜಗಲಿ ಬರಿದು.
ಅವರೆಕಾಳು ಸುಲಿಯುತ್ತ ನಾನೇ ಹೊಸಿಲ ಮೇಲೆ ಕೂತಿದ್ದೆ.
ಗಲ್ಲಿಯ ತುದಿಗೆ ಚಪ್ಪಲಿ ಸಪ್ಪಳ.
‘ಕೋಣ ಗೋ?’ ಎಂದುಬಿಟ್ಟೆ.

‘ನಾನs ಬೇ,’ ಎಂದಳು ಮಗಳು,
ನಗು ತಡೆಯಲಾರದೆ,
‘ಯಾವಾಗ ಕಲತಿ ಇದನ್ನ?’

ಎಂಟು ಮೂವತ್ತೈದು.
ಐದು ನಿಮಿಷ ತಡ ಯಾಕೆ ಎಂದು ಕೇಳಿದೆ.
ಚಿಲಕ ಹಾಕಿ ಮಲಗಿದವಳು
ಎದ್ದು ಮತ್ತೊಮ್ಮೆ ಮುಟ್ಟಿ ನೋಡಿದೆ.