ಮೊಣಕೈಗೊಂದು ಜಾಗ

ಮೊದಲ ವರ್ಷ ನಾನು ಗೆರೆ ಎಳೆದದ್ದೆಲ್ಲ ಗಾಜು.
ಶೆಫೀಲ್ಡಿನ ಏರುಬೀದಿಗಳು ತಲೆಗೇರಿದ್ದವು.
ಇಳಿಜಾರಿನ ಬಸ್‌ಸ್ಟಾಪಿಗೆ ರೆಕ್ಕೆ ಬರೆದೆ, ಆರು ರೆಕ್ಕೆ,
ಹಾರಿಹೋಗದಂತೆ ಎರಡು ಕಬ್ಬಿಣದ ಕಾಲು.
ಗ್ರೇಟೊರೆಕ್ಸ್ ಮೇಷ್ಟ್ರು ಕನ್ನಡಕ ಹಣೆಗೇರಿಸಿ
ಬಗ್ಗಿ, ಇನ್ನೂ ಬಗ್ಗಿ, ಇರುವೆಯ ಎತ್ತರಕ್ಕೆ ಇಳಿದು ಕೇಳಿದರು:
“ಮಳೆ ಅಡ್ಡ ಬೀಸಿದರೆ ಇವರು ಎಲ್ಲಿ ನಿಲ್ಲಬೇಕು?”
ಇವರು ಯಾರು? ನೋಡುತ್ತೇನೆ,
ಕತ್ತರಿಸಿಟ್ಟ ಕಾಗದದ ಮನುಷ್ಯರು
ಬೆಂಕಿಪೊಟ್ಟಣದಲ್ಲೇ ಉಳಿದುಬಿಟ್ಟಿದ್ದಾರೆ.

ಎರಡನೆಯದು ಗ್ರಂಥಾಲಯ. ಅದರ ಕಥೆ ಚಿಕ್ಕದು.
ನಮ್ಮ ಗೋಪುರದಲ್ಲೊಂದು ಹುಚ್ಚು ಲಿಫ್ಟಿದೆ,
ಬಾಗಿಲಿಲ್ಲ, ನಿಲ್ಲುವುದಿಲ್ಲ,
ಜಪಮಣಿಯ ಹಾಗೆ ಸುತ್ತುತ್ತಲೇ ಇರುತ್ತದೆ;
ನೆಗೆದು ಹತ್ತಬೇಕು, ನೆಗೆದು ಇಳಿಯಬೇಕು.
ಹನ್ನೊಂದು ರಾತ್ರಿಯ ರಟ್ಟನ್ನು ಎದೆಗವಚಿ ನೆಗೆದೆ.
ನಾನು ಹತ್ತಿದೆ.
ಚಾವಣಿ ಹತ್ತಲಿಲ್ಲ.

ಮೂರನೆಯ ವರ್ಷಕ್ಕೆ ಜೀವಂತ ಮನುಷ್ಯಳನ್ನೇ ಕೊಟ್ಟರು.
ಡೋರೀನ್ ಹ್ಯಾಟರ್ಸ್ಲಿ, ಎಪ್ಪತ್ತೆಂಟು,
ಹದಿನೈದಕ್ಕೇ ಸೇರಿದ್ದಳಂತೆ ಚಮಚ ಉಜ್ಜುವ ಕಾರ್ಖಾನೆ;
ಹೊಳಪೆಲ್ಲ ಯಾರದೋ ಊಟದ ಮೇಜಿಗೆ ಹೋಗಿ
ಮಸಿ ಮಾತ್ರ ಉಗುರಿನಲ್ಲಿ ಉಳಿಯಿತಂತೆ.
ಡಾನ್ ನದಿಯ ದಂಡೆಯ ಖಾಲಿ ಜಾಗದಲ್ಲಿ
ಇವಳಿಗೊಂದು ಮನೆ, ಕಾಗದದ ಮೇಲೆ ಮಾತ್ರ.
ಅದು ಅವಳಿಗೂ ಗೊತ್ತು. ಆದರೂ ಬಿಸ್ಕತ್ತು ಇಟ್ಟಳು.
ನಲವತ್ತು ಪ್ರಶ್ನೆ ಬರೆದುಕೊಂಡು ಹೋಗಿದ್ದೆ:
ಬೆಳಕು ಹೇಗಿರಬೇಕು, ಏಕಾಂತವೆಂದರೇನು, ನೆನಪಿಗೆ ಯಾವ ಬಣ್ಣ.
ಅವಳು ಹೇಳಿದ್ದು ಇಷ್ಟು:
“ಅಡುಗೆಮನೆ ಕಿಟಕಿಯಲ್ಲಿ ಮೊಣಕೈ ಊರಲಿಕ್ಕೆ ಜಾಗ ಬೇಕು, ಮಗಳೇ.
ಟೀ ಒಂದು ಕಡೆ, ಮೊಣಕೈ ಒಂದು ಕಡೆ.
ಯಾವ ಬಸ್ಸು ಬಂತು ಅಂತ ಕಾಣಬೇಕು.
ಹತ್ತಲಿಕ್ಕಲ್ಲ, ಸುಮ್ಮನೆ.”

ಮನೆ ಕಟ್ಟಿ ನೋಡು ಎಂದವರು
ಮೊಣಕೈಯಿಂದ ಶುರುಮಾಡು ಎಂದು ಹೇಳಿರಲಿಲ್ಲ.
ಮೂರು ವಾರ ಒಂದು ಕಿಟಕಿಯನ್ನೇ ಬರೆದೆ.
ಗೋಡೆ ದಪ್ಪವಾಯಿತು, ಒಲೆ ಪಕ್ಕಕ್ಕೆ ಸರಿಯಿತು,
ಬಾಗಿಲು ಗೊಣಗುತ್ತ ಉತ್ತರಕ್ಕೆ ತಿರುಗಿತು,
ಮೆಟ್ಟಿಲು ಮಾತ್ರ ಹಟ ಹಿಡಿದು ಎಲ್ಲಿತ್ತೋ ಅಲ್ಲೇ ಕೂತಿತು.

ನಕ್ಷೆಯ ಫೋಟೋ ಅವ್ವನಿಗೆ ಕಳಿಸಿದೆ.
ದಾವಣಗೆರೆಯಲ್ಲಿ ಅವಳದು ರವಿಕೆ ಹೊಲಿಗೆ,
ಇಡೀ ಬೀದಿಯ ತೋಳು ಸೊಂಟಗಳ ಲೆಕ್ಕ ಅವಳ ಬಾಯಲ್ಲಿ.
ತುಂಬ ಹೊತ್ತು ನೋಡಿ ಅಂದಳು:
“ಎಲ್ಲಾ ಮೈಗೆ ಅಂಟಿಸಿಬಿಟ್ಟಿದೀಯಲ್ಲೇ, ಒಳಗೆ ಬಟ್ಟೆನೇ ಬಿಟ್ಟಿಲ್ಲ.
ನಾಳೆ ಆ ಅಜ್ಜಿ ದಪ್ಪ ಆದ್ಲು, ಇಲ್ಲ ಸೊರಗಿದ್ಲು,
ಬಿಚ್ಚೋದೆಲ್ಲಿ?”

ಹೌದಲ್ಲ. ಹೊಲಿಗೆಯಾಚೆ ಒಂದು ಅಂಗುಲ,
ಯಾರಿಗೂ ಕಾಣದ, ಲೆಕ್ಕಕ್ಕೆ ಸಿಗದ ಅಂಗುಲ,
ಶಾಲೆಯ ಲಂಗದೊಳಗೆ ನನಗಾಗಿ ಮಡಚಿಟ್ಟದ್ದು.
ಪ್ರತಿ ಜೂನಿಗೂ ಒಂದೊಂದು ಸುತ್ತು ಬಿಚ್ಚಿದಾಗ
ಮಾಸಿದ ನೀಲಿಯ ಕೆಳಗೆ ಹೊಸ ನೀಲಿ ಪಟ್ಟಿ;
ಆ ಪಟ್ಟಿಯನ್ನು ಮುಚ್ಚಿಕೊಳ್ಳಲು ಎಷ್ಟು ನಾಚಿ ಕೂತಿದ್ದೆ ಕ್ಲಾಸಿನಲ್ಲಿ.

ವಿಮರ್ಶೆಯ ದಿನ ಯಾರೋ ಕೇಳಿದರು:
“ಗೋಡೆಯುದ್ದಕ್ಕೂ ಇದೇನು, ಕೆಲಸವಿಲ್ಲದ ಒಂದೂವರೆ ಅಡಿ?”
ಉತ್ತರ ಕನ್ನಡದಲ್ಲಿ ಬಂತು, ನಾಲಗೆಯಲ್ಲೇ ಮಡಚಿಕೊಂಡಿತು.
ಅಂಕ ಸಾಧಾರಣ. ಗ್ರೇಟೊರೆಕ್ಸ್ ಮೇಷ್ಟ್ರು ಮಾತ್ರ
ಬೆಂಕಿಪೊಟ್ಟಣ ಕಿವಿಯ ಹತ್ತಿರ ಹಿಡಿದು
ಖಾಲಿಯಿದೆಯೇ ಎಂದು ಅಲ್ಲಾಡಿಸಿ ನೋಡಿದರು.

ಡೋರೀನ್ ಬಂದದ್ದು ಎಲ್ಲರೂ ಹೋದ ಮೇಲೆ,
ನಿಲ್ಲುವ ಲಿಫ್ಟನ್ನು ಹುಡುಕಿಕೊಂಡು.
ರಟ್ಟಿನ ಕಿಟಕಿಯಲ್ಲಿ ಕಿರುಬೆರಳು ಊರಿದಳು
ಮೊಣಕೈ ಊರಿದ ಹಾಗೇ, ಆಚೆ ನೋಡಿದಳು.
“ತುಸು ತಗ್ಗಾಯಿತು,” ಅಂದಳು.

ಬ್ಲೇಡು ತೆಗೆದೆ. ಗೋಂದು ಇನ್ನೂ ಹಸಿಯಿತ್ತು.