ವಾದಿ ಕಬೀರ್, ಮೂರನೇ ಗಲ್ಲಿ

ಈ ಗೇರ್‌ಬಾಕ್ಸಿನ ಎಣ್ಣೆ ಆಯುಷ್ಯಪೂರ್ತಿ ಬದಲಿಸಬೇಕಿಲ್ಲ
ಅಂತ ಕಂಪನಿ ಪುಸ್ತಕದಲ್ಲಿದೆ.
ಯಾರ ಆಯುಷ್ಯ ಅಂತ ಇಲ್ಲ, ಎನ್ನುತ್ತಾ
ಇದಿನಬ್ಬಾಕ ಬೆಂಝಿನ ಅಡಿಗೆ ಸರಿದರು.

ಬೋಲ್ಟು ಸಡಿಲ. ಒಂದು ಹನಿ, ಆಮೇಲೆ ದಾರ.
ಪುನರ್ಪುಳಿ ಶರಬತ್ತಿನ ಬಣ್ಣ ಇರಬೇಕಿತ್ತು,
ಬಂದದ್ದು ಕಪ್ಪು.
ಬೆರಳಿಗೆ ಹಚ್ಚಿ ಮೂಸಿದರು: ಸೀದ ಒಗ್ಗರಣೆ.
ಪ್ಯಾನಿನ ತಳದ ಅಯಸ್ಕಾಂತಕ್ಕೆ
ಇಪ್ಪತ್ತಾರು ವರ್ಷದ ಕಬ್ಬಿಣದ ಹುಡಿಯ ಮೀಸೆ.

ಮಾಲೀಕ ಖಲ್ಫಾನ್ ಬಾಗಿ ನೋಡಿದ.
ಪೂರ್ತಿ ತೆಗೆಯುವುದಿಲ್ಲವೇ?
ಇಲ್ಲ. ಇಳಿದದ್ದು ನಾಲ್ಕು ಲೀಟರ್, ಒಳಗೆ ಇನ್ನೂ ಐದು.
ಹಳತೆಲ್ಲ ಒಮ್ಮೆಗೇ ಹೋದರೆ ಪ್ಲೇಟುಗಳಿಗೆ ಹಿಡಿತ ತಪ್ಪೀತು.
ಕೊಳೆಗೂ ಕೆಲವು ಕಡೆ ಕೆಲಸ ಇರುತ್ತದೆ ಮಾರಾಯ,
ಅರಬಿಯಲ್ಲಿ ಅದನ್ನು ಹೇಗೆ ಹೇಳುವುದೋ.

ಅಳೆಯುವುದು ನನ್ನ ಪಾಲು:
ಕುಡಿದಿಟ್ಟ ನೀರಿನ ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿ
ಎಷ್ಟು ಇಳಿಯಿತೋ ಅಷ್ಟೇ ಹೊಸತು,
ಒಂದು ಗುಟುಕೂ ಹೆಚ್ಚಲ್ಲ.

ಸಂಜೆ ಖಲ್ಫಾನನೇ ಓಡಿಸಿದ, ನಾವಿಬ್ಬರೂ ಹಿಂದೆ,
ಬೆಲೆಬಾಳುವ ಚರ್ಮದ ಸೀಟಿಗೆ ಹಳೇ ಪೇಪರ್ ಹಾಸಿಕೊಂಡು.
ರೂವಿಯ ಏರಿನಲ್ಲಿ
ಎರಡರಿಂದ ಮೂರಕ್ಕೆ ಬಿದ್ದದ್ದು
ಅವನಿಗೂ ಗೊತ್ತಾಗಲಿಲ್ಲ, ನನಗೂ.

ಕಣ್ಣು ಮುಚ್ಚಿಕೊಂಡಿದ್ದ ಇದಿನಬ್ಬಾಕ ಮಾತ್ರ
ಮೆಲ್ಲ ಹೇಳಿದರು:
ಈಗ ಬಿತ್ತು.