ಎಡಮೂಲ್ಯಾಗಿನ ಹಸರು

ಸಾಹೇಬ್ರ,
ನಿಮ್ಮ ಕಾಗದ ಮುಟ್ಟೇತಿ.
"ಕಾಮಗಾರಿಗೆ ಮುಂಚಿನ ಚಿತ್ರದ ಎಡಮೂಲೆಯಲ್ಲಿ
ಹಸಿರು ಬಣ್ಣದ ವಸ್ತು ಕಂಡುಬಂದಿದ್ದು,
ಏಳು ದಿನದೊಳಗೆ ಸಮಜಾಯಿಷಿ ನೀಡತಕ್ಕದ್ದು."
ನೀಡತೀನ್ರಿ. ಸಂಘದ ಪುಸ್ತಕ ಬರಿಯಾಕಿ ನಾನ.
ಕೂಡಿಸೂದು ಕಳಿಯೂದು ಬರತೈತಿ,
ಸಮಜಾಯಿಷಿ ಇದ ಮೊದಲು.

ನಮ್ಮೂರಿಗೆ ಕಾಯಿಪಲ್ಯೆ ವಾರಕ್ಕೊಮ್ಮೆ.
ಗಜೇಂದ್ರಗಡದ ಸಂತ್ಯಾಗ ಉಳದದ್ದು
ಟಂಟಮ್ಮಿನ್ಯಾಗ ಬರತೈತಿ,
ಕೊತ್ತಂಬ್ರಿಗೆ ನೀರು ಹೊಡದು ಹೊಡದು
ಜ್ವರದ ಕೂಸಿನ ಮುಖಾ ತೊಳದಂಗ ಮಾಡಿರತಾನ.
ಮಿಕ್ಕ ಆರು ದಿನ ರೊಟ್ಟಿ, ಕೆಂಪಿಂಡಿ, ಗುರೆಳ್ಳ ಚಟ್ನಿ.
ಹುಡುಗೂರಿಗೆ ಐದು ರೂಪಾಯಿ ಪಾಕೀಟು,
ಅದೊಂದು ಮಾತ್ರ ದಿನಾ ಹೊಸಾದು.

ಮೊದಲ ಹೊಲದಾಗ ಹಕ್ಕರಕಿ ಇತ್ತು.
ಬಿತ್ತದ ಬರತಿತ್ತು, ಬ್ಯಾಡಂದ್ರೂ ಬರತಿತ್ತು.
ಈಗ ಕಳೆಗೆ ಎಣ್ಣಿ ಹೊಡೀತೇವಿ.
ಕಳೆ ಅನ್ನೂ ಪಟ್ಟಿಯೊಳಗ ಅದರ ಹೆಸರೂ ಸೇರೇತಿ.
ಯಾರು ಸೇರಿಸಿದ್ರೋ, ನಾ ಬರದ ಪುಸ್ತಕದಾಗಿಲ್ಲ.

ಅದಕ್ಕ ಮೃಗಶಿರಾ ಮಳಿ ಮುಂದ ಅರ್ಜಿ ಕೊಟ್ವಿ.
ಸಮುದಾಯ ಕೈತೋಟ, ಎಂಟು ಗುಂಟೆ, ಸಾಲಿ ಹಿಂದ.
ನೀರಿನ ಮೂಲ: ನಳದ ಕಟ್ಟಿ ಮ್ಯಾಲೆ
ಕೊಡಾ ತುಂಬಿ ಚೆಲ್ಲಿದ್ದು.
ಫಲಾನುಭವಿಗಳು: ನಾನು ಇಪ್ಪತ್ತೊಂದು ಅಂತ ಬರದೆ.
ಮೋದಿನಬಿ ಬಸರಿ ಇದ್ಲು,
"ಇಪ್ಪತ್ತೊಂದೂವರಿ ಬರಿ" ಅಂದ್ಲು ಕಳಕವ್ವ.
ನಿಮ್ಮ ಖಾನೆಯೊಳಗ ಅರ್ಧ ಹಿಡಿಯಂಗಿಲ್ರಿ.
ಆ ಅರ್ಧ ಈಗ ಅಂಬೆಗಾಲಿಡತೈತಿ,
ಅರ್ಜಿ ಇನ್ನೂ ಮಲಗೇತಿ.

ಬೀಜಕ್ಕ ಕಡತ ಗೊತ್ತಿಲ್ರಿ.
ಫಕೀರವ್ವನ ಸೆರಗಿನ ಗಂಟಿನ್ಯಾಗ ಮೆಂತೆ ಇತ್ತು,
ಮಳಿ ಆಯ್ತು, ಮಣ್ಣು ಮೆತ್ತಗಾತು.
ಮುಷ್ಟಿ ಬಿಗಿ ಹಿಡಕೊಂಡು ಎಷ್ಟು ದಿನ ಕುಂದರೂದು?
ಬಿತ್ತಿದ್ವಿ.
ರಾಜಗಿರಿ, ಸಬ್ಬಸಗಿ, ಪುಂಡಿ, ಬೇಲಿಗುಂಟ ಹೀರಿ.
ಬೇಲಿ ಅಂದ್ರ ಸೀರಿ ರೀ. ಹರಕ ಸೀರಿ.
ಹಂದಿಗೆ ಅದು ಬಾಗಲಿದ್ದಂಗ.

ಎಳ್ಳಮಾಸಿ ಹತ್ತರ ಬಂದಾಗ ನಿಮ್ಮ ಕಚೇರಿಯಿಂದ ಫೋನು:
ನಾಳೆ ಬರತೇವಿ, ಬರೀ ನೆಲದ ಫೋಟೋ ಬೇಕು,
ಬೆಳಿ ಇದ್ರ ಅನುದಾನ ಇಲ್ಲ.
ಇಲ್ಲದವರಿಗೆ ಕೊಡೂ ರೊಕ್ಕ, ಖರೇನ.
ನಾವು ಇಲ್ಲದವರ ಸಾಲಿನಿಂದ
ನಾಕು ತಿಂಗಳು ಆಚೆ ಬಂದು ನಿಂತಿದ್ವಿ,
ಅದ ತಪ್ಪಾತು.

ಹೊತ್ತು ಮುಣಗಿತ್ತು. ಮೊಬೈಲಿನ ಬೆಳಕಿನ್ಯಾಗ
ಮಡಿ ಮುಂದ ಸುಮ್ಮನ ನಿಂತ್ವಿ.
ನಾನ ಅಂದೆ, ಕಿತ್ತು ಒಗದರಾತು.
"ಒಗಿಯೂದ್ಯಾಕ?" ಅಂದ್ಲು ಕಳಕವ್ವ. "ಹಂಚೂಣು."

ಆ ರಾತ್ರಿ ನೂರಾ ನಲವತ್ತು ಒಲಿ ಮ್ಯಾಲೆ
ಬಳ್ಳೊಳ್ಳಿ ಒಗ್ಗರಣಿ ಚುರ್ ಅಂದದ್ದು ನಾ ಕೇಳೇನಿ.
ಬಾಣಂತಿ ಮೋದಿನಬಿಗೆ ಸಬ್ಬಸಗಿ ಎರಡು ಸೂಡು ಹೆಚ್ಚಿಗಿ.
ಪಾಕೀಟು ಮಾರೂ ಈರಬಸಪ್ಪನೂ
ಬುಟ್ಟಿ ಹಿಡಕೊಂಡು ಬಂದಿದ್ದ,
ಯಾರ ಮುಖಾನೂ ನೋಡಲಿಲ್ಲ, ಪುಂಡಿ ಒಯ್ದ.
ನಮ್ಮ ಮನ್ಯಾಗ ಹುಡುಗ ತಾಟು ಬಳದು ನೆಕ್ಕಿದ,
"ನಾಳೆನೂ ಸಾಹೇಬ್ರು ಬರತಾರೇನು?" ಅಂದ.

ಮುಂಜಾನೆ ನೆಲ ಬರೀದಾಗಿತ್ತು.
ನಿಮ್ಮ ಹುಡುಗ ಬಂದ, ಫೋಟೋ ಹೊಡದ, ಚಾ ಕುಡದ,
"ಇಲ್ಲಿ ಏನೂ ಇರುವುದಿಲ್ಲ" ಅಂತ ಬರಕೊಂಡ.
ಸುಳ್ಳಲ್ಲ.
ನಿನ್ನೆ ಏನಿತ್ತು ಅಂತ ಅವ ಕೇಳಲಿಲ್ಲ.

ಈಗ ಎಡಮೂಲಿ.
ಅದು ವಸ್ತು ಅಲ್ರಿ, ಹಕ್ಕರಕಿ.
ನಾವು ಬಿತ್ತಿದ್ದಲ್ಲ, ಯಾವ ಯೋಜನೆಯೊಳಗೂ ಇಲ್ಲ.
ಎಣ್ಣಿ ಬೀಳದ ಎಂಟು ಗುಂಟೆ ಎಲ್ಲೈತಿ ಅಂತ
ಅದು ಹ್ಯಾಂಗ ಪತ್ತೆ ಹಚ್ಚಿತೋ.
ಆ ರಾತ್ರಿ ಫಕೀರವ್ವ ಅದರ ಮುಂದ ಕುಂತು
ಕಾಲಾಗ ತುಳದೀರಿ ಅಂತ ಎಲ್ಲಾರಿಗೂ ಬೈದಳು.
ಬೀಜ ಕಟ್ಟಲಿ, ಬಿಡ್ರಿ ಅಂದಳು.
ಚಿತ್ರದಾಗ ಬರತೈತಿ ಅಂತ ನನಗ ಗೊತ್ತಿತ್ತು.
ಪುಸ್ತಕ ಬರಿಯಾಕಿ ನಾ,
ಆದ್ರೂ ಸುಮ್ಮನಿದ್ದೆ. ಇದು ನನ್ನ ತಪ್ಪೊಪ್ಪಿಗಿ.

ರೊಕ್ಕ ಕೊಡೂದಿದ್ರ ಬೇಲಿಗೆ ಕೊಡ್ರಿ, ಹಂದಿ ಭಾಳ.

ಲಗತ್ತು: ಹಕ್ಕರಕಿ ಬೀಜ, ಒಂದು ಚಿಟಿಕಿ,
ಹಳೇ ರಸೀದಿಯೊಳಗ ಮಡಚೇನಿ.
ಕಡತಕ್ಕ ಪಿನ್ನು ಚುಚ್ಚಬ್ಯಾಡ್ರಿ,
ಉದರತೈತಿ.